ಏಕಪಂಕ್ತಿಯೇ ಶಾಂತಿಪಾಠ



ಮಾಘ ಶುದ್ಧ ಪೂರ್ಣಿಮೆಯನ್ನು ನಮ್ಮ ಸೀಮೆಯ ಸದ್ಭಕ್ತರು ತರಳಬಾಳು ಹುಣ್ಣಿಮೆಯೆಂದು ಕರೆಯುವರು. ವಿಶ್ವಬಂಧು ಮರುಳಸಿದ್ಧರು ತಮ್ಮ ಶಿಷ್ಯನಾದ ತೆಲುಗುಬಾಳು ಸಿದ್ಧೇಶ್ವರನಿಗೆ 'ತರಳಾ, ಬಾಳು' ಎಂದು ಹರಸಿದ ದಿನವದು ಎಂಬುದು ಪರಂಪರೆಯಿಂದ ನಡೆದುಬಂದ ನಂಬಿಕೆಯು. ಆ ಹುಣ್ಣಿಮೆಯು ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರ ಸಂಕಲ್ಪದಿಂದ ೧೯೫೦ರಲ್ಲಿ ಸಾರ್ವಜನಿಕ ಮಹೋತ್ಸವವಾಗಿ ಮೊಟ್ಟಮೊದಲು ಜರುಗಿದುದು ನಮ್ಮ ಈ ಜಗಳೂರಿನಲ್ಲಿಯೇ ಎಂಬುದು ಊರಿನವರೆಲ್ಲರೂ ಅಭಿಮಾನದಿಂದ ನೆನೆಯುವ ಸಂಗತಿಯಾಗಿದೆ. ತರಳನೆಂದರೆ ಬಾಲಕನು, ಬಾಳು ಎಂಬುದು ಹರಕೆಯು. ಈ ಹರಕೆಯಲ್ಲಿರುವುದು ಎರಡೇ ಪದಗಳು. ಯಾವ ಕುಲದ ತರಳನು, ಯಾವ ಮತದ ತರಳನು ಎಂಬ ವಿಶೇಷಣವು ಅದರಲ್ಲಿಲ್ಲ. ನೆರೆಮನೆಯ ಮಗುವು ಬಾಳದೆ ನಮ್ಮ ಮನೆಯ ಮಗುವು ಬಾಳಲಾರದು. ಇಬ್ಬರೂ ಬಾಳಬೇಕಾದರೆ ಕೂಡಿಯೇ ಬಾಳಬೇಕು. ಹಾಗಾದರೆ ಕೂಡಿ ಬಾಳುವ ವಿದ್ಯೆಯನ್ನು ಮಕ್ಕಳಿಗೆ ಎಂದು, ಎಲ್ಲಿ, ಯಾರು ಕಲಿಸಬೇಕು ಎಂಬ ಪ್ರಶ್ನೆಯನ್ನು ಶರಣರ ಬೆಳಕಿನಲ್ಲಿ ಈ ದಿನ ಸ್ವಲ್ಪ ವಿಚಾರಿಸೋಣ.

ಲೆಕ್ಕಕ್ಕೂ ವ್ಯಾಕರಣಕ್ಕೂ ಪಠ್ಯಪುಸ್ತಕಗಳುಂಟು. ಸರ್ವಮತ ಸಮಭಾವವನ್ನು ಕುರಿತ ಪಾಠವೂ ಪುಸ್ತಕದಲ್ಲಿ ಇರದೆ ಇಲ್ಲ. ಹುಡುಗರು ಅದನ್ನು ಓದಿ, ಪ್ರಶ್ನೆಗೆ ಉತ್ತರ ಬರೆದು, ಹತ್ತಕ್ಕೆ ಒಂಬತ್ತು ಅಂಕಗಳನ್ನೂ ಪಡೆಯುವರು. ಅದೇ ಹುಡುಗನು ಸಂಜೆ ಓಣಿಯಲ್ಲಿ ಜಗಳ ಬಂದಾಗ ಎದುರಿನವನ ಜಾತಿಯನ್ನು ಹಿಡಿದು ಬೈಯುವುದನ್ನು ಉಪಾಧ್ಯಾಯರಾದ ನಾವು ಎಷ್ಟು ಸಲ ಕೇಳಿಲ್ಲ! ಪಾಠವು ಸುಳ್ಳೆಂದು ಇದರ ಅರ್ಥವಲ್ಲ; ಕಿವಿಯಿಂದ ಒಳಹೊಕ್ಕ ಮಾತು ಕೈಗೂ ನಾಲಗೆಗೂ ಇಳಿಯಲಿಲ್ಲವೆಂದಷ್ಟೇ ಅರ್ಥ. ಶರಣರು ಈ ಮರ್ಮವನ್ನು ಅರಿತವರಾದುದರಿಂದ ಸಮಾನತೆಯನ್ನು ಉಪದೇಶಿಸಿ ಸುಮ್ಮನಾಗಲಿಲ್ಲ. ಅದನ್ನು ಮೂರು ಸಾಧನಗಳಿಂದ ಅಭ್ಯಾಸಕ್ಕೆ ತಂದರು. ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ದಾಸೋಹ; ಒಬ್ಬರನ್ನೊಬ್ಬರು ಸಂಕೋಚವಿಲ್ಲದೆ ಪ್ರಶ್ನಿಸಿ ಅರಿತುಕೊಳ್ಳುವ ಅನುಭಾವಗೋಷ್ಠಿ; ಒಂದೇ ಸಮಾಜದ ಹಿತಕ್ಕಾಗಿ ಬೆವರು ಸುರಿಸುವ ಕಾಯಕ. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಕುಂಟುವುವು.

ಕಲ್ಯಾಣದ ಅನುಭವ ಮಂಟಪವನ್ನು ನಾವು ಭಕ್ತಿಯಿಂದ ನೆನೆಯುವೆವು. ಅದೊಂದು ಮಹಾವಿದ್ಯಾಲಯವಾಗಿತ್ತೆಂದು ಎಣಿಸಿ ನೋಡುವವರು ಕಡಮೆ. ಅಲ್ಲಿ ಮಾದಾರ ಚೆನ್ನಯ್ಯನ ಹೆಸರನ್ನು ಬಸವಣ್ಣನವರು ತಮ್ಮ ಹಿರಿಯರ ಸಾಲಿನಲ್ಲಿಟ್ಟು ನೆನೆದರು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲರೂ ತಮ್ಮ ತಮ್ಮ ಕಾಯಕದ ಹೆಸರನ್ನು ಮರೆಮಾಡದೆ ಬಂದು ಕುಳಿತರು. ಸೌರಾಷ್ಟ್ರದಿಂದ ಬಂದ ಆದಯ್ಯ, ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಮಾರಿ ಬಾಳಿದನೆಂದು ಪುರಾಣಗಳು ಹೇಳುವ ಮೋಳಿಗೆಯ ಮಾರಯ್ಯ ಇಂಥವರು ಅನ್ಯಭಾಷೆಯ ನಾಡುಗಳಿಂದ ಬಂದರು. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಉದ್ದೇಶವು ಅಲ್ಲಿರಲಿಲ್ಲ. ಒಬ್ಬೊಬ್ಬ ಶರಣನಿಗೂ ಒಂದೊಂದು ಅಂಕಿತವುಂಟು. ಇಷ್ಟಲಿಂಗವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗದ ಮೇಲೆ ಧರಿಸಿ, ತಮ್ಮ ತಮ್ಮ ಕರಸ್ಥಲದಲ್ಲಿ ಪೂಜಿಸುತ್ತಿದ್ದರು. ಆದರೂ ಮಂಟಪವು ಒಂದೇ, ಪಂಕ್ತಿಯು ಒಂದೇ. ನಿಷ್ಠೆಯು ಪ್ರತ್ಯೇಕವಾಗಿದ್ದು ಬಾಳು ಕೂಡಿಯೇ ಇರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕೆ?

ಆದರೆ ಆ ಮಂಟಪದ ಅಂಗಳದಲ್ಲಿಯೇ ನಡೆದ ಇನ್ನೊಂದು ಪ್ರಸಂಗವನ್ನು ನಾವು ಮರೆಯುವಂತಿಲ್ಲ. ಮರುಳಶಂಕರದೇವರೆಂಬ ಮಹಾನುಭಾವರು ಅಫಘಾನಿಸ್ತಾನದ ಕಡೆಯಿಂದ ಬಂದವರೆಂದು ಪ್ರತೀತಿಯುಂಟು. ಅವರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಹಲವು ವರ್ಷಗಳ ಕಾಲ ಸೇವೆ ಮಾಡಿಕೊಂಡಿದ್ದರು. ದಿನವೂ ಸಹಸ್ರಾರು ಜನ ಅವರ ಮುಂದೆಯೇ ಹಾದುಹೋಗುತ್ತಿದ್ದರು. ಆದರೂ ಅವರಾರೆಂಬುದನ್ನು ಯಾರೂ ವಿಚಾರಿಸಲಿಲ್ಲ. ಅಲ್ಲಮಪ್ರಭುಗಳು ಬಂದು ಬೆರಳುಮಾಡಿ ತೋರಿಸಿದ ಮೇಲೆಯೇ ಎಲ್ಲರ ಕಣ್ಣು ತೆರೆಯಿತು. ಅಷ್ಟು ದೊಡ್ಡ ಶರಣನು ತಮ್ಮ ಅಂಗಳದಲ್ಲಿಯೇ ಇದ್ದರೂ ಕಾಣದೆ ಹೋದುದಕ್ಕಾಗಿ ಬಸವಣ್ಣನವರು ಮಮ್ಮಲ ಮರುಗಿದರೆಂದು ಶೂನ್ಯಸಂಪಾದನೆಯ ಪರಂಪರೆಯು ತಿಳಿಸುವುದು. ಒಂದೇ ಅಂಗಳದಲ್ಲಿರುವುದು ಬೇರೆ, ಒಬ್ಬರನ್ನೊಬ್ಬರು ಅರಿಯುವುದು ಬೇರೆ ಎಂಬುದು ಈ ಕಥೆಯ ತಾತ್ಪರ್ಯವು. ಬಸವಣ್ಣನವರಂಥವರ ಮನೆಯಲ್ಲಿಯೇ ಹೀಗಾಗಬಹುದಾದರೆ ನಮ್ಮ ಶಾಲೆಗಳಲ್ಲಿ ಆಗದಿರುವುದೇ?

ಆಗಿಯೇ ಇದೆ. ೨೦೨೨ನೆಯ ಇಸವಿಯ ಫೆಬ್ರುವರಿ ತಿಂಗಳನ್ನು ನೆನೆಯಿರಿ. ವಿದ್ಯಾರ್ಥಿನಿಯರ ಹಿಜಾಬನ್ನು ಕುರಿತು ಉಡುಪಿಯ ಕಾಲೇಜಿನಲ್ಲಿ ತೊಡಗಿದ ವಿವಾದವು ನಾಡಿನಾದ್ಯಂತ ಹಬ್ಬಿತು. ಒಂದು ಕಡೆ ಶಿರೋವಸ್ತ್ರವನ್ನು ಧರಿಸಿದ ಹೆಣ್ಣುಮಕ್ಕಳು, ಇನ್ನೊಂದು ಕಡೆ ಕೇಸರಿ ಶಲ್ಯವನ್ನು ಹೊದ್ದ ಗಂಡುಮಕ್ಕಳು ಕಾಲೇಜುಗಳ ಬಾಗಿಲಲ್ಲಿ ಎದುರುಬದುರಾಗಿ ನಿಂತರು. ನಮ್ಮ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿಯೂ ಕಲ್ಲು ತೂರಾಟವಾಯಿತು. ಸರಕಾರವು ಮೂರು ದಿನ ಪ್ರೌಢಶಾಲೆಗಳನ್ನೂ ಕಾಲೇಜುಗಳನ್ನೂ ಮುಚ್ಚಿಸಬೇಕಾಯಿತು. ಆ ವಿವಾದದ ನ್ಯಾಯಾನ್ಯಾಯವನ್ನು ನಿರ್ಣಯಿಸುವುದು ನ್ಯಾಯಾಲಯಗಳಿಗೆ ಸೇರಿದ ಕಾರ್ಯವು. ಗೃಹಸ್ಥರಾದ ನಮಗೆ ಸೇರಿದ ಪ್ರಶ್ನೆಯೇ ಬೇರೆ. ಎದುರುಬದುರಾಗಿ ನಿಂತ ಆ ಮಕ್ಕಳಲ್ಲಿ ಎಷ್ಟೋ ಮಂದಿ ಒಂದೇ ಊರಿನಲ್ಲಿ ಬೆಳೆದು, ಒಂದೇ ಕೋಣೆಯಲ್ಲಿ ಕುಳಿತು ಪಾಠ ಕೇಳಿದವರಲ್ಲವೇ? ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ಎಂದಾದರೂ ದಾಟಿದ್ದರೆ, ಒಬ್ಬರ ತಾಯಿಯ ಕೈಯ ತುತ್ತನ್ನು ಇನ್ನೊಬ್ಬರು ಒಮ್ಮೆಯಾದರೂ ಉಂಡಿದ್ದರೆ, ಆ ಕೈಗೆ ಕಲ್ಲು ಅಷ್ಟು ಹಗುರವಾಗಿ ಬರುತ್ತಿತ್ತೇ? ಬೆಂಚು ಒಂದಾಗಿತ್ತು, ಪಂಕ್ತಿಯು ಒಂದಾಗಿರಲಿಲ್ಲ. ಮರುಳಶಂಕರದೇವರನ್ನು ಕಾಣದ ಕಣ್ಣುಗಳೇ ಅಲ್ಲಿಯೂ ಇದ್ದುವು.

ಇನ್ನು ಬೆಂಚೂ ಬೇರೆಯಾಗಿರುವ ಕಡೆ ಪರಿಸ್ಥಿತಿಯು ಹೇಗಿರಬೇಕು? ನಮ್ಮ ಎಷ್ಟೋ ಊರುಗಳಲ್ಲಿ ಕನ್ನಡ ಶಾಲೆಯು ಒಂದು ಬೀದಿಯಲ್ಲಿ, ಉರ್ದು ಶಾಲೆಯು ಮತ್ತೊಂದು ಬೀದಿಯಲ್ಲಿ ಇರುವುವು. ಮಾತೃಭಾಷೆಯಲ್ಲಿ ಕಲಿಯುವ ಹಕ್ಕು ಎಲ್ಲರಿಗೂ ಉಂಟು, ಅದನ್ನು ಆಕ್ಷೇಪಿಸಲಾಗದು. ಆದರೆ ಎರಡೂ ಶಾಲೆಗಳ ಮಕ್ಕಳು ವರ್ಷಕ್ಕೆ ಒಂದು ದಿನವಾದರೂ ಒಂದೆಡೆ ಸೇರದಿದ್ದರೆ, ಮುಂದೆ ಅವರು ಸೇರುವುದು ಚುನಾವಣೆಯ ಕಣದಲ್ಲಿಯೋ ಜಗಳದ ಕಟ್ಟೆಯಲ್ಲಿಯೋ ಆಗುವುದು.

ಈ ವಿಷಯದಲ್ಲಿ ದೂರದ ಒಂದು ದೇಶದ ಅನುಭವವನ್ನು ಕೇಳುವುದು ಉಚಿತವಾಗಿದೆ. ಪಶ್ಚಿಮ ಏಷ್ಯಾದ ಇಸ್ರೇಲಿನಲ್ಲಿ ಯೆಹೂದ್ಯರೂ ಅರಬರೂ ಒಂದೇ ನೆಲದಲ್ಲಿ ವಾಸವಾಗಿರುವರು. ಯೆಹೂದ್ಯರ ಮಕ್ಕಳು ಬಹುಮಟ್ಟಿಗೆ ಹೀಬ್ರೂ ಭಾಷೆಯ ಶಾಲೆಗಳಲ್ಲಿಯೂ ಅರಬರ ಮಕ್ಕಳು ಅರಬ್ಬೀ ಭಾಷೆಯ ಶಾಲೆಗಳಲ್ಲಿಯೂ ಓದುವರು. ಹದಿನೆಂಟು ವರ್ಷ ತುಂಬುವವರೆಗೆ ಒಬ್ಬರೊಡನೊಬ್ಬರು ಮನಬಿಚ್ಚಿ ಮಾತನಾಡದ ಮಕ್ಕಳೇ ಅಲ್ಲಿ ಹೆಚ್ಚು. ೧೯೪೮ನೆಯ ಇಸವಿಯಲ್ಲಿ ಆ ರಾಜ್ಯವು ಹುಟ್ಟಿತು. ಅದನ್ನು ಒಂದು ಪಂಗಡದವರು ಸ್ವಾತಂತ್ರ್ಯವೆಂದು ಹಬ್ಬ ಮಾಡುವರು. ಮನೆಮಠಗಳನ್ನು ಕಳೆದುಕೊಂಡ ಇನ್ನೊಂದು ಪಂಗಡದವರು ಅದನ್ನೇ ಮಹಾವಿಪತ್ತೆಂದು ಕರೆದು ಶೋಕಿಸುವರು. ಒಂದೇ ವರ್ಷಕ್ಕೆ ಎರಡು ಹೆಸರುಗಳು, ಎರಡು ಕಣ್ಣೀರುಗಳು.

ಇಂಥ ನಾಡಿನಲ್ಲಿಯೂ ಕೆಲವರು ಮಕ್ಕಳನ್ನು ಕೂಡಿಸಿ ಓದಿಸುವ ಸಾಹಸಕ್ಕೆ ಕೈಹಾಕಿದರು. ಜೆರೂಸಲೇಮಿಗೂ ಟೆಲ್ ಅವೀವಿಗೂ ನಡುವೆ ಬ್ರೂನೋ ಹುಸ್ಸಾರ್ ಎಂಬ ಕ್ರೈಸ್ತ ಸಂನ್ಯಾಸಿಯು ಸ್ಥಾಪಿಸಿದ ಒಂದು ಊರುಂಟು. ಹೀಬ್ರೂವಿನಲ್ಲಿ ನೆವೆ ಶಾಲೋಮ್ ಎಂದೂ ಅರಬ್ಬಿಯಲ್ಲಿ ವಾಹತ್ ಅಸ್ಸಲಾಮ್ ಎಂದೂ ಅದಕ್ಕೆ ಹೆಸರು. ಎರಡರ ಅರ್ಥವೂ ಶಾಂತಿಯ ನೆಲೆಯೆಂದೇ. ಅಲ್ಲಿ ಯೆಹೂದ್ಯರೂ ಅರಬರೂ ತಾವಾಗಿಯೇ ಒಪ್ಪಿ ಒಟ್ಟಿಗೆ ವಾಸಿಸುವರು. ೧೯೮೪ರಲ್ಲಿ ಆ ಊರಿನವರು ಎರಡು ಭಾಷೆಗಳ ಪ್ರಾಥಮಿಕ ಶಾಲೆಯನ್ನು ತೆರೆದರು. ಮುಂದೆ ೧೯೯೮ರಲ್ಲಿ 'ಹ್ಯಾಂಡ್ ಇನ್ ಹ್ಯಾಂಡ್' ಎಂಬ ಸಂಸ್ಥೆಯು ಇಂಥವೇ ಶಾಲೆಗಳನ್ನು ಜೆರೂಸಲೇಮಿನಲ್ಲಿಯೂ ಗಲಿಲಿಯ ಪ್ರಾಂತದಲ್ಲಿಯೂ ಆರಂಭಿಸಿತು. ಅಮೀನ್ ಖಲಾಫ್ ಎಂಬ ಅರಬನೂ ಲೀ ಗಾರ್ಡನ್ ಎಂಬ ಯೆಹೂದ್ಯನೂ ಅದರ ಸ್ಥಾಪಕರು. ಈ ಶಾಲೆಗಳ ತರಗತಿಗಳಲ್ಲಿ ಅರಬ್ಬೀ ನುಡಿಯುವ ಒಬ್ಬ ಉಪಾಧ್ಯಾಯರೂ ಹೀಬ್ರೂ ನುಡಿಯುವ ಒಬ್ಬ ಉಪಾಧ್ಯಾಯರೂ ಜೊತೆಯಾಗಿ ನಿಂತು ಪಾಠ ಹೇಳುವರು. ಎರಡೂ ಕಡೆಯ ಹಬ್ಬಗಳನ್ನು ಮಕ್ಕಳು ಅರಿಯುವರು. ಮೇಲೆ ಹೇಳಿದ ೧೯೪೮ರ ಎರಡು ಕಥೆಗಳನ್ನೂ ಮರೆಮಾಡದೆ ಮಕ್ಕಳ ಮುಂದೆ ಇಡುವರು.

ಈ ಕೊನೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆ ನೆವೆ ಶಾಲೋಮ್ ಊರಿನಲ್ಲಿಯೇ ೧೯೭೯ರಲ್ಲಿ ಶಾಂತಿಯ ಶಾಲೆಯೆಂಬುದೊಂದನ್ನು ತೆರೆದು, ಎರಡೂ ಪಂಗಡಗಳ ತರುಣರನ್ನು ಕೆಲವು ದಿನಗಳ ಮಟ್ಟಿಗೆ ಕೂಡಿಸಿ ಸಂವಾದ ನಡೆಸತೊಡಗಿದರು. ಕೂಡಿ ಆಡಿ, ಹಾಡಿ, ಸ್ನೇಹ ಬೆಳೆಸಿದರೆ ಸಾಕೆಂಬ ಭಾವನೆಯು ಮೊದಲಿಗೆ ಇದ್ದಿತು. ಕಾಲಕ್ರಮದಲ್ಲಿ, ಅಷ್ಟು ಸಾಲದು, ಮನಸ್ಸಿನಲ್ಲಿರುವ ನೋವನ್ನೂ ಅನುಮಾನವನ್ನೂ ಎದುರೆದುರಿಗೇ ಆಡಿಬಿಡಬೇಕು ಎಂಬುದನ್ನು ಅವರು ಕಂಡುಕೊಂಡರು. ಗಾಯದ ಮೇಲೆ ಗಂಧ ಹಚ್ಚಿದರೆ ವಾಸನೆ ಅಡಗೀತು, ಗಾಯವು ಮಾಯದು. ನಮ್ಮ ಅಲ್ಲಮಪ್ರಭುಗಳು ಎಂಟುನೂರು ವರ್ಷಗಳ ಹಿಂದೆಯೇ ಇದನ್ನು ಮಾಡಿ ತೋರಿಸಿದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅವರು ಮೊದಲು ಮುಖಾಮುಖಿ ಕೆಣಕಿದರು. ಸಿದ್ಧರಾಮನ ಕಡೆಯವರು ಕಲ್ಲು ತೂರಿದರೆಂದು ಕಥೆಯುಂಟು. ಆದರೆ ಆ ಕಟುಸಂವಾದವೇ ಮುಂದೆ ಗಾಢಮೈತ್ರಿಯಾಗಿ, ಸಿದ್ಧರಾಮನು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದುಬಂದನು. ಪ್ರಶ್ನೆಯನ್ನು ಹತ್ತಿಕ್ಕಿ ತಂದ ಶಾಂತಿಯು ಬೂದಿ ಮುಚ್ಚಿದ ಕೆಂಡದಂತಿರುವುದು. ಪ್ರಶ್ನೆಯನ್ನು ದಾಟಿ ಬಂದ ಮೈತ್ರಿಯು ಮಾತ್ರ ನಿಲ್ಲುವುದು.

ಆ ದೂರದ ಶಾಲೆಗಳ ಹಾದಿಯು ಹೂವಿನದಾಗಿರಲಿಲ್ಲ. ೨೦೧೪ರ ನವೆಂಬರಿನಲ್ಲಿ ಜೆರೂಸಲೇಮಿನ ಶಾಲೆಗೆ ದ್ವೇಷಿಗಳು ನುಗ್ಗಿ ಒಂದನೆಯ ತರಗತಿಯ ಕೋಣೆಗೆ ಬೆಂಕಿಯಿಟ್ಟರು, ಗೋಡೆಗಳ ಮೇಲೆ ವಿಷದ ಮಾತುಗಳನ್ನು ಬರೆದರು. ತಂದೆತಾಯಿಗಳು ಹೆದರಿ ಮಕ್ಕಳನ್ನು ಬಿಡಿಸಿಕೊಳ್ಳಲಿಲ್ಲ, ಶಾಲೆಯು ಮುಂದುವರಿಯಿತು. ೨೦೨೩ರ ಅಕ್ಟೋಬರ್ ೭ರಂದು ಹಮಾಸಿನವರು ನಡೆಸಿದ ದಾಳಿಯಲ್ಲಿ ಇಸ್ರೇಲಿನ ಸುಮಾರು ೧೨೦೦ ಮಂದಿ ಮಡಿದರು. ಅದರ ಬೆನ್ನಿಗೆ ನಡೆದ ಯುದ್ಧದಲ್ಲಿ ಗಾಜಾ ಪ್ರದೇಶದ ಹತ್ತಾರು ಸಾವಿರ ಜನರು, ಅವರಲ್ಲಿ ಅಸಂಖ್ಯ ಶಿಶುಗಳು, ಹತರಾದರು. ಇಷ್ಟೆಲ್ಲ ಆದ ಮೇಲೂ ಆ ಶಾಲೆಗಳ ಬಾಗಿಲು ಮತ್ತೆ ತೆರೆಯಿತು. ಎರಡೂ ಕಡೆಯ ಉಪಾಧ್ಯಾಯರು ಒಂದೇ ತರಗತಿಯಲ್ಲಿ ಮತ್ತೆ ನಿಂತರು. ಈ ಶಾಲೆಗಳು ಯುದ್ಧವನ್ನು ತಡೆಯಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ತಡೆಯಲಿಲ್ಲ. ಇಡಿಯ ದೇಶದ ಮಕ್ಕಳಲ್ಲಿ ಅಲ್ಲಿ ಓದುವವರು ಬಹು ಸ್ವಲ್ಪ ಮಂದಿ. ಒಂದು ಹಣತೆಯಿಂದ ಅಮಾವಾಸ್ಯೆಯು ಹೋಗದು. ಆದರೆ ಅಮಾವಾಸ್ಯೆಯ ರಾತ್ರಿ ದಾರಿ ನಡೆಯುವವನು ಹಣತೆಯನ್ನು ಆರಿಸುವನೇ?

ಅಷ್ಟು ದೂರ ಹೋಗದೆ ನಮ್ಮ ನಾಡಿನಲ್ಲಿಯೇ ನೋಡೋಣ. ಶಿಶುನಾಳದ ಶರೀಫರು ೧೮೧೯ರಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿದವರು. ಅವರ ಗುರುಗಳಾದ ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ನಿನ್ನ ತಂದೆ ಯಾರೆಂದು ಗುರುಗಳು ಕೇಳಲು, ನಿಮ್ಮ ತಂದೆಯೇ ನನ್ನ ತಂದೆಯೆಂದು ಬಾಲಕನು ನುಡಿದನೆಂದು ಜನರು ಇಂದಿಗೂ ಹೇಳುವರು. ಆ ಗುರುಶಿಷ್ಯರು ಕೂಡಿ ತಿರುಗಿದುದಕ್ಕಾಗಿ ಎರಡೂ ಕಡೆಯವರಿಂದ ನಿಂದೆಯನ್ನು ಸಹಿಸಬೇಕಾಯಿತು. ಆದರೂ ಅವರು ಅಗಲಲಿಲ್ಲ. ಮುಸಲ್ಮಾನನಾಗಿ ಹುಟ್ಟಿದ ಆ ಕವಿಯ ಹಾಡುಗಳ ಅಂಕಿತವು ಶಿಶುನಾಳಾಧೀಶನೆಂದು. ಶಿಶುನಾಳದ ಅಧಿದೈವವಾದರೋ ಬಸವಣ್ಣನು. ೧೮೮೯ರಲ್ಲಿ ಲಿಂಗೈಕ್ಯರಾದ ಅವರ ಗದ್ದುಗೆಗೆ ಎರಡೂ ಮತದವರು ಇಂದಿಗೂ ನಡೆದುಕೊಳ್ಳುವರು. ಒಬ್ಬ ಗುರು, ಒಬ್ಬ ಶಿಷ್ಯ. ಅವರ ಒಂದು ಪಾಠದಿಂದ ನಾಡಿಗೆ ಶತಮಾನಗಳಿಗೆ ಸಾಲುವಷ್ಟು ಬುತ್ತಿ ದೊರೆಯಿತು.

ಒಬ್ಬ ಗುರುವು ಒಬ್ಬ ಶಿಷ್ಯನಿಗೆ ಮಾಡಿದುದನ್ನು ನಮ್ಮ ಮಠಗಳು ಸಹಸ್ರಾರು ಮಕ್ಕಳಿಗೆ ಮಾಡಿದುವು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಅವರ ತರುವಾಯ ೧೯೪೧ರಲ್ಲಿ ಮಠದ ಭಾರವನ್ನು ಹೊತ್ತ ಡಾ. ಶಿವಕುಮಾರ ಮಹಾಸ್ವಾಮಿಗಳವರು, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದರು. ಜಾತಿಮತಗಳನ್ನು ಕೇಳದೆ ಸೇರಿಸಿಕೊಂಡ ಸಹಸ್ರಾರು ಬಾಲಕರು ಅಲ್ಲಿ ಒಂದೇ ಪ್ರಾರ್ಥನೆಯಲ್ಲಿ ನಿಂತು, ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ದೃಶ್ಯವನ್ನು ಕಂಡವರು ಮರೆಯಲಾರರು. ಅಲ್ಲಿ ಸಮಾನತೆಯನ್ನು ಕುರಿತು ಭಾಷಣವಿಲ್ಲ; ತಟ್ಟೆ, ಮುದ್ದೆ, ಸಾರು, ಪಕ್ಕದಲ್ಲಿ ಕುಳಿತ ಗೆಳೆಯ ಇಷ್ಟೇ ಪಾಠವು. ನಮ್ಮ ಸಿರಿಗೆರೆಯ ಜಗದ್ಗುರುಗಳವರೂ ಬಡಮಕ್ಕಳಿಗಾಗಿ ಹಳ್ಳಿಹಳ್ಳಿಗೆ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಒಯ್ದರು. ಗದಗಿನ ತೋಂಟದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ಕೋಮುಸೌಹಾರ್ದಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನೇ ಪಡೆದರು.

ರಾಜ್ಯ ಸರಕಾರವು ೨೦೦೨ರಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನು ತೊಡಗಿದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಶರಣರ ಪದವು ಸರಕಾರದ ಕಡತವನ್ನು ಸೇರಿದುದು ನಮಗೆ ಹೆಮ್ಮೆಯ ಸಂಗತಿಯು. ಆದರೆ ಆ ಹೆಮ್ಮೆಯ ಜೊತೆಗೆ ನಾಚಿಕೆಯೂ ಉಂಟು. ಅಡುಗೆ ಮಾಡುವ ತಾಯಿಯ ಜಾತಿಯನ್ನು ಕೇಳಿ, ತಮ್ಮ ಮಕ್ಕಳಿಗೆ ಅಲ್ಲಿ ಉಣ್ಣಬೇಡವೆಂದ ಹಿರಿಯರ ಪ್ರಸಂಗಗಳು ನಮ್ಮ ನಾಡಿನಲ್ಲಿ ನಡೆದಿವೆ. ಕೊರಳಲ್ಲಿ ಲಿಂಗವನ್ನು ಧರಿಸಿದವನು ಹೀಗೆ ಮಾಡಿದನಾದರೆ ಅವನು ಬಿಡಿಸಿದುದು ಮಗುವಿನ ಊಟವೊಂದನ್ನೇ ಅಲ್ಲ, ಮಾದಾರ ಚೆನ್ನಯ್ಯನ ಪಂಕ್ತಿಯಿಂದ ತನ್ನನ್ನೂ ತಾನೇ ಎಬ್ಬಿಸಿಕೊಂಡಂತಾಯಿತು. ಆದುದರಿಂದ ಅನ್ಯಮತದವರೊಡನೆ ಕೂಡಿ ಬಾಳುವ ಮಾತನ್ನು ಆಡುವ ಮೊದಲು ನಮ್ಮ ಓಣಿಯ ಕಡೆಯ ಮನೆಯ ಮಗುವಿನೊಡನೆ ನಮ್ಮ ಮಗುವು ಕೂಡಿ ಉಣ್ಣುವುದೋ ಎಂಬುದನ್ನು ನೋಡಿಕೊಳ್ಳಬೇಕು. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದು ಬಾಗಿಲು ತೆರೆಯದು.

ಇಲ್ಲಿ ಕೆಲವು ಆಕ್ಷೇಪಗಳು ಏಳುವುವು. ಶರಣರೇ ಭಕ್ತನೆಂದೂ ಭವಿಯೆಂದೂ ಭೇದವನ್ನು ಹೇಳಿರುವರಲ್ಲ ಎಂಬುದು ಮೊದಲನೆಯದು. ಹೇಳಿರುವರು, ಸತ್ಯ. ಆದರೆ ಆ ಭೇದವು ಆಚಾರದಿಂದ ಬಂದುದು, ಜನ್ಮದಿಂದ ಬಂದುದಲ್ಲ. ಲಿಂಗವಂತರ ಮನೆಯಲ್ಲಿ ಹುಟ್ಟಿದವನೂ ಆಚಾರಗೆಟ್ಟರೆ ಭವಿಯೇ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಾಗ, ಭವಿಯ ಊಳಿಗವೇಕೆಂದು ಕೇಳಿದವರು ಆಗಲೂ ಇದ್ದರು. ಬಸವಣ್ಣನವರು ಜಂಗಮದಾಸೋಹಕ್ಕಾಗಿ, ಲೋಕದ ಹಿತಕ್ಕಾಗಿ ಆ ಊಳಿಗವನ್ನು ಮಾಡಿದರು. ಅದರಿಂದ ಅವರ ಲಿಂಗನಿಷ್ಠೆಯು ಕಿಂಚಿತ್ತೂ ಕುಂದಲಿಲ್ಲ. ಬಂದವನನ್ನು ಪರಕೀಯನೆಂದು ತಿಳಿಯದೆ ಮನೆಯ ಮಗನೆಂದು ಎಣಿಸಬೇಕೆಂದು ತಮ್ಮ ಆರಾಧ್ಯದೈವದಲ್ಲಿ ಬೇಡಿಕೊಂಡವರೂ ಅವರೇ.

ಅನ್ಯರೊಡನೆ ಬೆರೆತರೆ ಮಕ್ಕಳ ಆಚಾರವು ಸಡಿಲವಾಗುವುದೆಂಬುದು ಎರಡನೆಯ ಆಕ್ಷೇಪವು. ಆಚಾರವು ಸಡಿಲವಾಗುವುದು ಮನೆಯಲ್ಲಿ, ಶಾಲೆಯಲ್ಲಲ್ಲ. ಬೆಳಗಿನಲ್ಲಿ ತಂದೆಯು ಲಿಂಗಪೂಜೆಗೆ ಕೂರುವುದನ್ನು ಕಾಣದ ಮಗುವಿಗೆ ಆಚಾರವನ್ನು ಯಾರು ಕೆಡಿಸಬೇಕಾಗಿದೆ? ಅಂಥ ಮಗುವು ಇದ್ದಲ್ಲಿಯೇ ಕೆಟ್ಟಿರುವುದು. ಇದಕ್ಕೆ ವಿರುದ್ಧವಾಗಿ, ಗೆಳೆಯನು ನೀನೇಕೆ ಕೊರಳಲ್ಲಿ ಇದನ್ನು ಧರಿಸಿರುವೆ ಎಂದು ಕೇಳಿದಾಗ, ಉತ್ತರ ಹೇಳಲಿಕ್ಕಾಗಿ ನಮ್ಮ ಹುಡುಗನು ಮನೆಗೆ ಬಂದು ಅಜ್ಜನನ್ನು ಕೇಳುವನು; ಅಂದು ಅವನಿಗೆ ಇಷ್ಟಲಿಂಗದ ಅರ್ಥವು ಮೊದಲ ಸಲ ತಿಳಿಯುವುದು. ಅಂತೆಯೇ ನಮ್ಮವನು ರೋಜಾ ಎಂದರೇನೆಂದು ಕೇಳಿದಾಗ ಆ ಹುಡುಗನಿಗೂ ತನ್ನ ಉಪವಾಸದ ಅರ್ಥವು ತಿಳಿಯುವುದು. ಪ್ರಶ್ನೆಯಿಂದ ನಿಷ್ಠೆಯು ಬಲಿಯುವುದು, ಅಳಿಯುವುದಿಲ್ಲ. ದ್ವೇಷದಿಂದ ಕಟ್ಟಿದ ನಿಷ್ಠೆಯಾದರೋ ದ್ವೇಷಿಸುವುದಕ್ಕೆ ಯಾರೂ ಸಿಗದ ದಿನ ತನ್ನವರನ್ನೇ ಕಚ್ಚುವುದು.

ಇದೆಲ್ಲವೂ ವ್ಯರ್ಥವೆಂಬುದು ಮೂರನೆಯ ಆಕ್ಷೇಪವು. ಕಲ್ಯಾಣದಲ್ಲಿಯೇ ಏನಾಯಿತು? ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದುದನ್ನು ಸಹಿಸದೆ, ಆ ಇಬ್ಬರು ತಂದೆಯರಿಗೂ ಘೋರವಾದ ಶಿಕ್ಷೆಯಾಯಿತು, ರಕ್ತವು ಹರಿಯಿತು, ಶರಣರು ಉಳವಿಯ ಕಡೆಗೂ ದಿಕ್ಕುದಿಕ್ಕಿಗೂ ಚದರಿಹೋದರು. ಇದು ಸೋಲಲ್ಲವೇ? ಅಂದಿನ ಕಣ್ಣಿಗೆ ಸೋಲೇ ಸರಿ. ಆದರೆ ಅಂದು ಗೆದ್ದವರ ಆಜ್ಞೆಗಳನ್ನು ಇಂದು ಯಾರು ನೆನೆಯುವರು? ಚದರಿಹೋದವರ ಮಾತುಗಳನ್ನು ಮಾತ್ರ ಪ್ರತಿ ಹಳ್ಳಿಯಲ್ಲಿಯೂ ಮಕ್ಕಳು ಬಾಯಿಪಾಠ ಮಾಡುವರು. ಬೀಜವು ಮಣ್ಣಿನಲ್ಲಿ ಮರೆಯಾದುದನ್ನು ನಾಶವೆಂದು ರೈತನು ತಿಳಿಯುವನೇ?

ಇ‍ನ್ನು ಗೃಹಸ್ಥರು ಆಚರಿಸಬೇಕಾದುದೇನು? ಶಾಲೆಯು ಹಗಲಿನಲ್ಲಿ ಕಟ್ಟಿದುದನ್ನು ಸಂಜೆಯ ಜಗಲಿಯು ಕೆಡವದಂತೆ ಕಾಯಬೇಕಾದುದು ಮೊದಲನೆಯ ಕರ್ತವ್ಯವು. ಹಿರಿಯರು ಒಂದು ಜನಾಂಗವನ್ನು ಕುರಿತು ಹಗುರವಾಗಿ ಆಡಿದ ಮಾತನ್ನು, ಅಲ್ಲಿಯೇ ಗೋಲಿಯಾಡುತ್ತಿರುವ ಮಗುವು ಗುರುವಾಕ್ಯದಂತೆ ಹಿಡಿದುಕೊಳ್ಳುವುದು. ಇಂದಿನ ದಿನ ಮೊಬೈಲಿನಲ್ಲಿ ಯಾರೋ ಕಳುಹಿಸಿದ ದ್ವೇಷದ ಸುದ್ದಿಯನ್ನು ನಿಜವೋ ಸುಳ್ಳೋ ವಿಚಾರಿಸದೆ ಮಕ್ಕಳ ಮುಂದೆಯೇ ಓದುವ ದುರಭ್ಯಾಸವೊಂದು ಸೇರಿಕೊಂಡಿದೆ. ಕರಸ್ಥಲವು ಲಿಂಗದ ನೆಲೆಯೆಂಬುದನ್ನು ಆಗ ನೆನೆಯಿರಿ. ಲಿಂಗವಿರುವ ಕೈಯಲ್ಲಿ ವಿಷವನ್ನು ಹಿಡಿಯಬಹುದೇ?

ಎರಡನೆಯದು ಹೊಸ್ತಿಲನ್ನು ದಾಟಿಸುವುದು. ಬಸವ ಜಯಂತಿಗೋ ಯುಗಾದಿಗೋ ನಿಮ್ಮ ಮಗನ ಗೆಳೆಯನನ್ನು, ಅವನು ಯಾವ ಮತದವನೇ ಆಗಿರಲಿ, ಮನೆಗೆ ಕರೆಯಿಸಿ ಒಂದೇ ಪಂಕ್ತಿಯಲ್ಲಿ ಹೋಳಿಗೆ ಬಡಿಸಿರಿ. ರಂಜಾನ್ ಹಬ್ಬಕ್ಕೆ ಅವರು ಕರೆದಾಗ ನಿಮ್ಮ ಮಗನನ್ನು ಕಳುಹಿಸಿರಿ. ನಮ್ಮ ಶಾಕಾಹಾರದ ನಿಯಮವನ್ನು ಆ ತಾಯಂದಿರು ಬಲ್ಲರು. ಬಾಳೆಯಹಣ್ಣು, ಸಕ್ಕರೆಗಳನ್ನು ಪ್ರೀತಿಯಿಂದ ಕೈಗಿಡುವರು. ನಿಯಮವನ್ನು ಮುರಿಯದೆಯೇ ಸ್ನೇಹವನ್ನು ಉಣ್ಣಬಹುದು. ಮಠಗಳ ವಿದ್ಯಾರ್ಥಿನಿಲಯಗಳಿಗೆ ದವಸ ಧಾನ್ಯಗಳನ್ನು ಒಪ್ಪಿಸುವಾಗ, ಈ ಪಂಕ್ತಿಯಲ್ಲಿ ಎಲ್ಲ ಮಕ್ಕಳೂ ಕುಳಿತಿರುವರೇ ಎಂದು ಒಂದು ಮಾತು ವಿನಯದಿಂದ ಕೇಳಿರಿ. ದಾಸೋಹ ಮಾಡುವವನಿಗೆ ಹಾಗೆ ಕೇಳುವ ಅಧಿಕಾರವುಂಟು.

ಮೂರನೆಯದು ಮಕ್ಕಳನ್ನು ಕಾಯಕದಲ್ಲಿ ಕೂಡಿಸುವುದು. ನಮ್ಮ ಜಗಳೂರು ಸೀಮೆಯು ಬರವನ್ನು ಕಂಡು ಕಂಡು ಬೆಂದ ನೆಲವು. ತುಂಗಭದ್ರೆಯ ನೀರಿನಿಂದ ಈ ತಾಲ್ಲೂಕಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಗಾಗಿ ಜನರು ಎಷ್ಟು ಹಂಬಲಿಸಿದರೆಂಬುದು ನಿಮಗೆ ಗೊತ್ತಿದೆ. ಕೆರೆಯು ಬತ್ತಿದರೆ ಎಲ್ಲರ ಬಾವಿಯೂ ಬತ್ತುವುದು. ಕೆರೆಯು ತುಂಬಿದರೆ ಎಲ್ಲರ ಬಾವಿಯೂ ತುಂಬುವುದು. ವರ್ಷಕ್ಕೆ ಎರಡು ದಿನ ಕನ್ನಡ ಶಾಲೆಯ ಮಕ್ಕಳೂ ಉರ್ದು ಶಾಲೆಯ ಮಕ್ಕಳೂ ಕೂಡಿ ಏರಿಯ ಮೇಲಿನ ಜಾಲಿಯನ್ನು ಕಡಿದು, ಕಾಲುವೆಯ ಹೂಳನ್ನು ತೆಗೆದು, ಬಳಿಕ ಮರದ ನೆರಳಿನಲ್ಲಿ ಒಟ್ಟಿಗೆ ಬುತ್ತಿ ಬಿಚ್ಚಲಿ. ಸಿದ್ಧರಾಮನ ಕೆರೆಯ ಕಾಯಕವೂ ಬಸವಣ್ಣನವರ ದಾಸೋಹವೂ ಅಲ್ಲಿ ಒಂದಾಗುವುವು.

ಇದು ನಮ್ಮ ಊರಿಗೆ ಹೊಸತಲ್ಲ. ಜಗಳೂರಿನವರೇ ಆದ ಜೆ. ಮಹಮ್ಮದ್ ಇಮಾಂ ಸಾಹೇಬರನ್ನು ಈ ಕ್ಷೇತ್ರದ ಜನರು ೧೯೫೨ರಲ್ಲಿ ಶಾಸನಸಭೆಗೆ ಆರಿಸಿದರು. ಮುಂದೆ ೧೯೫೭ರಲ್ಲಿಯೂ ೧೯೬೭ರಲ್ಲಿಯೂ ಚಿತ್ರದುರ್ಗ ಕ್ಷೇತ್ರದಿಂದ ಅವರು ಲೋಕಸಭೆಗೆ ಆಯ್ಕೆಯಾದರು. ಅವರಿಗೆ ಮತವನ್ನು ಕೊಟ್ಟವರಲ್ಲಿ ಹೆಚ್ಚಿನವರು ಅವರ ಮತದವರಲ್ಲ. ನಮ್ಮ ನಿಮ್ಮ ಅಜ್ಜಂದಿರು, ಅಜ್ಜಿಯಂದಿರು. ಅವರು ನೋಡಿದುದು ಮನುಷ್ಯನ ಯೋಗ್ಯತೆಯನ್ನು. ತರಳಬಾಳು ಹುಣ್ಣಿಮೆಯ ಮೊದಲ ಮಹೋತ್ಸವವನ್ನು ಕಂಡ ತಲೆಮಾರು ಅದು. ಅಂಥ ಹಿರಿಯರ ಮೊಮ್ಮಕ್ಕಳು ಇಂದು ಗೆಳೆಯನ ಮುಖವನ್ನು ನೋಡುವ ಮೊದಲು ಅವನ ಟೋಪಿಯನ್ನೋ ತಿಲಕವನ್ನೋ ನೋಡುವಂತಾದರೆ, ಆ ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ಬೆಲೆಯುಳ್ಳ ಭಾಗವನ್ನೇ ನಾವು ಕಳೆದಂತಾಯಿತು.

ಸದ್ಭಕ್ತರೇ, ಎಳೆಯ ಗಿಡವನ್ನು ಬೇಕಾದ ಕಡೆಗೆ ಬಾಗಿಸಬಹುದು, ಬಲಿತ ಮರವು ಬಗ್ಗದು. ಇಂದು ನಿಮ್ಮ ಮಗುವಿಗೆ ಏಳೆಂಟು ವರ್ಷ. ಅದರ ಪಕ್ಕದಲ್ಲಿ ಇಂದು ಯಾರು ಕುಳಿತು ಉಣ್ಣುವರೋ ಅವರ ಮೇಲೆ ಅದು ನಾಳೆ ಕೈಯೆತ್ತದು. ಇಷ್ಟು ಸರಳವಾದ ವಿದ್ಯೆಗೆ ದೊಡ್ಡ ಕಟ್ಟಡವೂ ಬೇಡ, ಹೊಸ ಪುಸ್ತಕವೂ ಬೇಡ. ಒಂದು ಚಾಪೆಯನ್ನು ಉದ್ದವಾಗಿ ಹಾಸುವ ಮನಸ್ಸು ಸಾಕು. ನಮ್ಮ ಮಕ್ಕಳಿಗೂ ನೆರೆಯವರ ಮಕ್ಕಳಿಗೂ, ದೂರದ ಜೆರೂಸಲೇಮಿನ ಮಕ್ಕಳಿಗೂ ಗಾಜಾದ ಮಕ್ಕಳಿಗೂ, ಮರುಳಸಿದ್ಧರ ಆ ಹರಕೆಯು ಸಮನಾಗಿ ತಟ್ಟಲಿ. ಎಲ್ಲ ತರಳರೂ ಬಾಳಲಿ, ಕೂಡಿ ಬಾಳಲಿ.